ನಂಬುವಂಥ ಕಾರಣ

ಆಗಸ್ಟ್ 12, ಸೋಮವಾರ

ಹತ್ತನೇ ತರಗತಿಯ ಮಕ್ಕಳು ಇವತ್ತು ನನ್ನ ಆಕಾಶನೌಕೆಗೆ ಒಂದೇ ಪಿರಿಯಡ್ಡಿನಲ್ಲಿ ತೂತು ಹಾಕಿಬಿಟ್ಟರು.

ಕಥೆ ನಾನು ಕಟ್ಟಿದ್ದು ಹೀಗೆ. ಭೂಮಿ ಬಿಟ್ಟು ಬೇರೊಂದು ಗ್ರಹದಲ್ಲಿ ಊರು ಕಟ್ಟಲು ಮುನ್ನೂರು ಜನ ಹೊರಟಿದ್ದಾರೆ. ಅರ್ಧ ದಾರಿಯಲ್ಲಿ ಎಂಜಿನ್ ಕೋಣೆಯ ಕೊಳವೆ ಬಿರುಕು ಬಿಟ್ಟು ವಿಕಿರಣ ಸೋರುತ್ತದೆ. ಒಬ್ಬರು ಒಳಗೆ ಹೋಗಿ ಕೈಯಿಂದಲೇ ತಿರುಗಣೆ ತಿರುಗಿಸಿ ಅದನ್ನು ಮುಚ್ಚಬೇಕು. ಹೋದವರು ಬದುಕುವುದಿಲ್ಲ. ನಾಯಕಿ ಹೋಗುತ್ತಾಳೆ, ಮುಚ್ಚುತ್ತಾಳೆ, ಸಾಯುತ್ತಾಳೆ, ಪರದೆ ಬೀಳುತ್ತದೆ. ಹೋದ ವರ್ಷ ಜಿಲ್ಲಾ ವಿಜ್ಞಾನ ನಾಟಕ ಸ್ಪರ್ಧೆಯಲ್ಲಿ ತೀರ್ಪುಗಾರರು “ಭಾವನೆ ಇದೆ ಮೇಡಂ, ಕಾರಣ ನಂಬುವಂತಿಲ್ಲ” ಎಂದು ನಮ್ಮ ದೇವದುರ್ಗದ ಶಾಲೆಯನ್ನು ಕೆಳಗೆ ಕೂರಿಸಿದ್ದರು. ಈ ಸಲ ಆ ಮಾತಿಗೆ ಜಾಗ ಕೊಡಬಾರದು ಎಂದು ಹಟ ಹಿಡಿದು ಬರೆದಿದ್ದೆ.

ಓದಿ ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ದನಿ ಬಂತು. “ಟೀಚರ್, ಬಾವಿಗಿ ಇಳಿಯೋರು ಸೊಂಟಕ್ಕ ಹಗ್ಗ ಕಟ್ಟಿಕೊಂತಾರಲ್ರಿ. ಆಕಿಗಿ ಯಾಕ ಕಟ್ಟಲಿಲ್ಲ?”

ಹಗ್ಗ ಸುಟ್ಟುಹೋಗುತ್ತದೆ ಎಂದೆ. “ಹಂಗಾರ ಚೈನ್ ಕಟ್ರಿ,” ಎಂದರು. ಬಾಗಿಲಲ್ಲಿ ನಿಂತಿದ್ದ ಅಲ್ಲಾಬಕ್ಷ್ ಮಾಸ್ತರರು ಬಾಯಿಗೆ ಕರವಸ್ತ್ರ ಹಿಡಿದು ನಗುತ್ತಿದ್ದರು. ಸಮಾಜ ವಿಜ್ಞಾನದ ಮಾಸ್ತರರು, ನಾಟಕ ಆಡಿಸುವವರೂ ಅವರೇ. ಹಡಗಿಗೆ ‘ಎಡೆದೊರೆ’ ಎಂದು ಹೆಸರಿಟ್ಟವರೂ ಅವರೇ. ಎರಡು ಹೊಳೆಗಳ ನಡುವಿನ ನಮ್ಮ ಸೀಮೆಯ ಹಳೆಯ ಹೆಸರದು. ಎರಡು ಲೋಕಗಳ ನಡುವೆ ತೇಲುವ ಹಡಗಿಗೂ ಒಪ್ಪುತ್ತದೆ ಎನ್ನುತ್ತಾರೆ.

ಸಂಜೆ ಬಸ್ಸಿನಲ್ಲಿ ಮಹಿಳೆಯರ ಸೀಟುಗಳಲ್ಲೆಲ್ಲ ಗಂಡಸರು ಕೂತಿದ್ದರು. ಏಳಿಸುವುದೇಕೆ ಎಂದು ಗಬ್ಬೂರು ದಾಟುವವರೆಗೂ ನಿಂತೇ ಬಂದೆ. ರಾಯಚೂರಿನಲ್ಲಿ ಇಳಿದು ಮನೆಗೆ ಹೋಗದೆ ಆಸ್ಪತ್ರೆಗೆ ನಡೆದೆ. ಇವತ್ತು ತಮ್ಮ ವಿನೋದನ ಡಯಾಲಿಸಿಸ್. ಟಂಟಂ ಆಟೋ ಓಡಿಸಿಕೊಂಡು ಊರೆಲ್ಲ ಕೂಗಾಡುತ್ತಿದ್ದ ಹುಡುಗ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಾನೆ. ಅವನ ಹೆಂಡತಿ ದುರ್ಗಾಳಿಗೆ ಇಬ್ಬರು ಮಕ್ಕಳನ್ನು ನೋಡಬೇಕು, ಅವ್ವನಿಗೆ ಸಕ್ಕರೆ ಕಾಯಿಲೆ ಮತ್ತು ಮೊಣಕಾಲು. ಹಾಗಾಗಿ ಆಸ್ಪತ್ರೆಯ ಸಂಜೆಗಳೆಲ್ಲ ನನ್ನವು.

“ನಿಮಗ ಭಾಳ ತ್ರಾಸ ಆಗಾಕತ್ತದ ಅಕ್ಕಾ,” ಎಂದಳು ದುರ್ಗಾ.

“ಇರ್ಲಿ ಬಿಡು, ನಾನದೀನಲ್ಲ,” ಎಂದೆ.

ಆಗಸ್ಟ್ 14, ಬುಧವಾರ

ಹಗ್ಗವನ್ನೂ ಚೈನನ್ನೂ ಸುಟ್ಟಿದ್ದಾಯಿತು. “ಅಷ್ಟು ದೊಡ್ಡ ಹಡಗಿನಾಗ ಒಂದು ರೋಬೋಟ್ ಇಲ್ಲೇನ್ರಿ?” ಎಂದರು, ರೋಬೋಟನ್ನು ಕೆಡಿಸಿದೆ. ಆಮೇಲೆ ಉಮ್ಮೇ ಕುಲ್ಸುಮ್ ಎದ್ದು ನಿಂತಳು. ನಾಯಕಿಯ ಪಾತ್ರ ಅವಳದು. ತಾನು ಸಾಯಬೇಕಾದ ಕಥೆ ಆದ್ದರಿಂದ ಅವಳ ತಕರಾರೇ ಎಲ್ಲರಿಗಿಂತ ಜಾಸ್ತಿ.

“ಟೀಚರ್, ವಿಕಿರಣ ಅಂದ್ರ ಬಿಸಿಲಿದ್ದಂಗ, ಸ್ವಲ್ಪ ಹೊತ್ತು ನಿಂತ್ರ ಏನಾಗಂಗಿಲ್ಲ ಅಂತ ನೀವೇ ಹೇಳೀರಿ. ಹಂಗಾರ ಪಾಳಿ ಹಚ್ರಿ. ಕುರ್ಡಿ ಊರಾಗ ನಮ್ಮ ಮಾಮುನೋರು ಕಾಲುವಿ ನೀರಿಗಿ ಪಾಳಿ ಹಚ್ಚಿಕೊಂತಾರಲ್ಲ, ಹಂಗ. ಮುನ್ನೂರು ಮಂದಿ ಅದಾರ. ಒಬ್ಬೊಬ್ಬರು ಒಂದೊಂದು ಸುತ್ತು ತಿರುಗಿಸಿ ಹೊರಗ ಬರ್ಲಿ. ಯಾರೂ ಸಾಯಂಗಿಲ್ಲ.”

ತರಗತಿಯೆಲ್ಲ ಚಪ್ಪಾಳೆ ಹೊಡೆಯಿತು. ಬಸ್ಸಿನಲ್ಲಿ ಯೋಚಿಸಿ ಯೋಚಿಸಿ ಕೊನೆಗೆ ದಾರಿ ಕಂಡುಕೊಂಡೆ: ಆ ಕೋಣೆಯ ಬಾಗಿಲು ಒಮ್ಮೆ ಮಾತ್ರ ತೆರೆಯುತ್ತದೆ, ಒಬ್ಬರೇ ಹಿಡಿಸುತ್ತಾರೆ, ಹೊರಗಿನಿಂದ ಮತ್ತೆ ತೆರೆಯಲಾಗದು. ಫೋನಿನಲ್ಲಿ ಹೇಳಿದರೆ ಅಲ್ಲಾಬಕ್ಷ್ ಮಾಸ್ತರರು, “ಮೇಡಂ, ಇಂಥಾ ಹಡಗು ಮಾಡಿದ ಗುತ್ತಿಗೆದಾರನ್ನ ಮೊದಲು ಆ ಕೋಣ್ಯಾಗ ಹಾಕ್ರಿ,” ಎಂದರು. ನಗು ಬಂತು. ಆದರೆ ಒಂದೊಂದೇ ಬಾಗಿಲು ಮುಚ್ಚದೆ ಅವಳನ್ನು ಸಾಯಿಸುವುದಾದರೂ ಹೇಗೆ?

ಆಗಸ್ಟ್ 18, ಭಾನುವಾರ

ನಮ್ಮಣ್ಣ ಅಂಬರೀಶ ಮಾನ್ವಿಯಿಂದ ಬಂದಿದ್ದ. ಅಲ್ಲಿ ಲೈನ್‌ಮನ್ ಕೆಲಸ ಅವನದು. ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ವಿನೋದನಿಗೆ ಬೇರೆ ಕಿಡ್ನಿ ಹಾಕುವುದೆಂದು ಗೊತ್ತಾದಾಗ ಮೊದಲು ಹೋದವನು ಅವನೇ. ರಕ್ತದ ಗುಂಪು ಒಂದೇ ಇತ್ತು, ಉಳಿದ ಪರೀಕ್ಷೆಗಳನ್ನೂ ಮಾಡಿಸಿದ್ದ. ಎಲ್ಲರೂ ಅದೇ ಆಸೆಯಲ್ಲಿದ್ದೆವು.

ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಹೇಳಿದ. “ಮ್ಯಾಚ್ ಆಗ್ಲಿಲ್ಲಂತ.”

ಅವ್ವ ಅತ್ತಳು. ದುರ್ಗಾಳ ರಕ್ತದ ಗುಂಪೇ ಬೇರೆ, ಅವ್ವನದು ಆಗುವ ಹಾಗಿಲ್ಲ. ಅತ್ತು ಮುಗಿದ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳ ಹಿಂದೆ ಒಬ್ಬೊಬ್ಬರೇ ತಿರುಗಿದರು.

“ಉಮಾ ಅದಾಳಲ್ಲ. ಆಕೀದೂ ಅದೇ ರಕ್ತ. ಆಕಿಗೇನು, ಹಿಂದ ಮುಂದ ಯಾರದಾರ?”

ಚುಚ್ಚಬೇಕೆಂದು ಅಂದದ್ದಲ್ಲ. ನಮ್ಮವ್ವ ಗೋಪಮ್ಮ ಅಂಥವಳಲ್ಲ. ಇದ್ದ ಮಾತನ್ನು ಇದ್ದ ಹಾಗೆ ಅಂದಳು, ಅಷ್ಟೆ. ನಾನು ಮದುವೆಯಾಗದ್ದು ದೊಡ್ಡ ಕಥೆಯೇನಲ್ಲ. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದ ನಮ್ಮಪ್ಪ ತಾಯಣ್ಣ ತೀರಿಕೊಂಡಾಗ ಮನೆಗೆ ಸಂಬಳ ತರುತ್ತಿದ್ದವಳು ನಾನೊಬ್ಬಳೇ. ತಮ್ಮನ ಓದು, ಅಣ್ಣನ ನೌಕರಿ, ಇಬ್ಬರ ಮದುವೆ ಎನ್ನುವುದರೊಳಗೆ ನನ್ನದರ ಮಾತು ತಾನೇ ನಿಂತುಹೋಯಿತು. ಅದಕ್ಕೆ ನಾನು ಅತ್ತದ್ದೂ ಇಲ್ಲ.

“ನಾನದೀನಲ್ಲ,” ಎಂದೆ. ವಿನೋದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ತಿರುಗಲಿಲ್ಲ. ಅಂಬರೀಶಣ್ಣ ಊಟಕ್ಕೂ ನಿಲ್ಲದೆ ಹೋದ.

ಆಗಸ್ಟ್ 20, ಮಂಗಳವಾರ

ಕಾರಣ ಸಿಕ್ಕಿತು!

ಒಬ್ಬರೇ ಹೋಗಬೇಕು ಎಂಬುದೇನೋ ಆಯಿತು. ಆದರೆ ಅವಳೇ ಯಾಕೆ? ಮುನ್ನೂರು ಜನರಲ್ಲಿ ಬೇರೆ ಯಾರೂ ಯಾಕಲ್ಲ? ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ತಟ್ಟನೆ ಹೊಳೆಯಿತು. ಕಮಾಂಡರ್ ಕೇಳುತ್ತಾನೆ: “ನೀನೇ ಯಾಕೆ?” ನಾಯಕಿ ಹೇಳುತ್ತಾಳೆ: “ನನಗೆ ಹಿಂದೆ ಮುಂದೆ ಯಾರೂ ಇಲ್ಲ.”

ಓದಿ ತಲೆ ಎತ್ತಿ ನೋಡಿದೆ. ಹಗ್ಗದವನು ಸುಮ್ಮನಿದ್ದ, ರೋಬೋಟಿನವಳು ಸುಮ್ಮನಿದ್ದಳು. ಒಂದು ಕೈಯೂ ಮೇಲೆ ಬರಲಿಲ್ಲ. ಅಲ್ಲಾಬಕ್ಷ್ ಮಾಸ್ತರರು ಕೂಡ “ಈಗ ಸರಿ ಕುಂತಿತು ನೋಡ್ರಿ ಮೇಡಂ,” ಎಂದರು. ಇಷ್ಟು ಸುಲಭದ ಮಾತು ಬಿಟ್ಟು ವಾರವೆಲ್ಲ ಹಗ್ಗ ಚೈನು ಸುಡುತ್ತ ಕೂತಿದ್ದೆನಲ್ಲ.

ಆಗಸ್ಟ್ 29, ಗುರುವಾರ

ನನ್ನ ಮೊದಲ ಪರೀಕ್ಷೆಗಳೆಲ್ಲ ಹೊಂದಿವೆ. ಅವ್ವ ಹೋಳಿಗೆ ಮಾಡಿದ್ದಳು. ನಮ್ಮ ಮನೆಯಲ್ಲಿ ಮೊದಲ ಹೋಳಿಗೆ ಗಂಡುಮಕ್ಕಳ ತಟ್ಟೆಗೆ; ಇವತ್ತು ನನ್ನ ತಟ್ಟೆಗೆ ಬಿತ್ತು, ಮೇಲೆ ತುಪ್ಪ. ಹಬ್ಬದ ಕುರಿಗೂ ಹೀಗೆಯೇ ಹಾಕುತ್ತಾರೆ ಎಂದು ನಾನು ನಕ್ಕೆ. ಯಾರೂ ನಗಲಿಲ್ಲ.

ಪಕ್ಕದ ಮನೆಯ ಮಹಬೂಬೀ ಬಂದು ತಲೆ ಸವರಿ, “ನಿನ್ನಂಥ ಮಗಳು ಮನಿಗೊಬ್ಬಾಕಿ ಇರ್ಬೇಕು ಬೇಟಾ,” ಎಂದಳು. ಆಕೆಗೆ ನಾಲ್ಕು ಹೆಣ್ಣುಮಕ್ಕಳು, ನಾಲ್ವರಿಗೂ ಮದುವೆಯಾಗಿದೆ.

ಸೆಪ್ಟೆಂಬರ್ 3, ಮಂಗಳವಾರ

ಬೇವಿನ ಮರದ ಕೆಳಗೆ ತಾಲೀಮು. ಕುಲ್ಸುಮ್ ಕೊನೆಯ ದೃಶ್ಯದಲ್ಲಿ ಮರದ ಬೊಂಬೆಯ ಹಾಗೆ ನಿಲ್ಲುತ್ತಾಳೆ. ಎಷ್ಟು ಸಲ ಮಾಡಿಸಿದರೂ ಅದೇ.

“ಈ ಮಾತು ಬಾಯಾಗ ಕುಂದ್ರವಲ್ದು ಟೀಚರ್.”

“ಯಾವ ಮಾತು?”

“ಹಿಂದ ಮುಂದ ಯಾರೂ ಇಲ್ಲ ಅನ್ನೂದು. ಯಾರೂ ಇಲ್ಲಂದ್ರ ಯಾರ ಸಲುವಾಗಿ ಸಾಯಾಕತ್ತಾಳ್ರಿ ಆಕಿ? ಯಾರರ ಇದ್ರ ಸಾಯಬಹುದು. ಇಲ್ಲಂದ್ರ ಸುಮ್ನ ಒಂದು ಕಡೆ ಕುಂತು ನೋಡ್ತಾಳ.”

“ಬರೆದದ್ದನ್ನ ಹೇಳು, ವಕೀಲಿಕಿ ಬ್ಯಾಡ,” ಎಂದು ಗದರಿಸಿದೆ. ಗದರಿಸುವಷ್ಟು ತಪ್ಪೇನೂ ಅವಳು ಮಾಡಿರಲಿಲ್ಲ. ಹುಡುಗಿ ಕಣ್ಣು ತುಂಬಿಕೊಂಡು, “ಆಕಿ ಹೆಸರರ ಏನ್ರಿ?” ಎಂದು ಕೇಳಿದಳು. ಕಮಾಂಡರನಿಗೆ ಹೆಸರಿದೆ, ಹಡಗಿಗೆ ಹೆಸರಿದೆ, ಅಡುಗೆಯವನಿಗೂ ಇದೆ. ನಾಯಕಿಗೆ ನಾನು ಹೆಸರೇ ಇಟ್ಟಿರಲಿಲ್ಲ. ಮರೆತದ್ದು ಹೇಗೋ ತಿಳಿಯದು.

ಸೆಪ್ಟೆಂಬರ್ 12, ಗುರುವಾರ

ಹೈದರಾಬಾದಿನಿಂದ ಈಗ ಬಂದೆ. ಬರೆಯದೆ ಇರಲಾರೆ.

ಕೊಡುವವರನ್ನು ಆಸ್ಪತ್ರೆಯವರು ಒಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಅವ್ವ, ದುರ್ಗಾ, ವಿನೋದ ಎಲ್ಲರನ್ನೂ ಹೊರಗೆ ಕಳಿಸಿದರು. ಎದುರಿಗೆ ನರೆತ ಕೂದಲಿನ ಆಪ್ತಸಮಾಲೋಚಕಿ, ಮಾತು ತೆಲುಗು. ಮೊದಲ ಪ್ರಶ್ನೆಯೇ, “ಯಾಕೆ ಕೊಡುತ್ತಿದ್ದೀರಿ?”

“ನನ್ನ ತಮ್ಮ.”

“ಅವರು ಯಾರೆಂದು ನನಗೆ ಗೊತ್ತು. ನಾನು ಕೇಳಿದ್ದು ಯಾಕೆ ಎಂದು.”

ತೀರ್ಪುಗಾರರ ಮುಂದೆ ನಿಂತ ಹಾಗಾಯಿತು. ನಾಯಕಿಗೆ ಬರೆದುಕೊಟ್ಟ ಮಾತೇ ಬಾಯಿಗೆ ಬಂತು, ತೆಲುಗಿನಲ್ಲೂ ಅದು ಅದೇ ಮಾತು: “ನಾಕು ಮುಂದೂ ವೆನಕಾ ಎವರೂ ಲೇರು.”

ಆಕೆ ತಲೆ ಅಲ್ಲಾಡಿಸಿದರು. “ಬೇರೆಯವರು ನಿಮ್ಮನ್ನು ಕೇಳುವುದಕ್ಕೆ ಅದು ಕಾರಣ. ನೀವು ಕೊಡುವುದಕ್ಕೆ?”

ಪಾಠ ಒಪ್ಪಿಸಲಾಗದ ಹುಡುಗಿಯ ಹಾಗೆ ಕೂತೆ. ಆಗ ಆಕೆ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದರು: “ಬೇಡ ಅನಿಸಿದರೆ ನನಗೊಬ್ಬಳಿಗೆ ಹೇಳಿ. ‘ಮ್ಯಾಚ್ ಆಗಲಿಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ. ಯಾಕೆ ಏನು ಎಂದು ಯಾರೂ ಕೇಳುವ ಹಾಗಿಲ್ಲ. ಇಲ್ಲಿ ಕೂತ ಎಲ್ಲರಿಗೂ ನಾನು ಹೇಳುವ ಮಾತು ಇದು.”

ಎಲ್ಲರಿಗೂ.

“ನಮ್ಮಣ್ಣನಿಗೂ ಹೇಳಿದ್ದಿರಾ?” ಎಂದೆ.

“ಬೇರೆಯವರ ಮಾತು ನಿಮಗೆ ಹೇಳುವಂತಿಲ್ಲಮ್ಮ,” ಎಂದರು. ಕೇಳಬೇಕಾದದ್ದು ಅಷ್ಟೇ ಇತ್ತು. ಶಾಲೆಯ ನಾಟಕವಿದೆ, ಅದು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದೆ. ಆಗಲಿ ಎಂದರು. ಹೊರಗೆ ಬಂದ ಕೂಡಲೇ ಅವ್ವ, “ಏನಂದ್ರು?” ಎಂದಳು. ಇನ್ನೊಂದು ಟೆಸ್ಟ್ ಉಳಿದಿದೆಯಂತೆ ಎಂದು ಸುಳ್ಳು ಹೇಳಿದೆ.

ಸೆಪ್ಟೆಂಬರ್ 13, ಶುಕ್ರವಾರ

‘ಮ್ಯಾಚ್ ಆಗ್ಲಿಲ್ಲಂತ’ ಎಂದು ಅಣ್ಣ ಹೊಸ್ತಿಲಲ್ಲಿ ಚಪ್ಪಲಿ ಬಿಡದೆ ನಿಂತಿದ್ದನಲ್ಲ. ಕಳ್ಳ.

ಊಟ ಸೇರಲಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಜಗಳ ಮಾಡಬೇಕೆಂದೇ ಮಾನ್ವಿಗೆ ಹೋದೆ. ಏನೇನು ಅನ್ನಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಅಣ್ಣ ನನ್ನನ್ನು ಕಂಡದ್ದೇ ಎದ್ದು ನಿಂತ. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಯಾವತ್ತೂ ನಾಲ್ಕು ಮಾತಾಡದವನು ಇವತ್ತು ಬಾಯಿ ಮುಚ್ಚಲಿಲ್ಲ. ಮಳೆ, ಗಾಳಿ, ಬಿದ್ದ ಕಂಬಗಳು, ಮಗಳ ಪರೀಕ್ಷೆ. “ಕಂಬ ಹತ್ತೋ ಕೆಲಸ ನೋಡು ತಂಗಿ. ಮೈಯಾಗ ಒಂದೀಟು ಕಮ್ಮಿ ಆದ್ರ ಮ್ಯಾಲಿಂದ ಕೆಳಗ,” ಎಂದ. ಆ ಮಾತನ್ನು ನಾನು ಎತ್ತಿರಲೇ ಇಲ್ಲ.

ತುತ್ತು ನುಂಗುತ್ತ ಅವನ ಕೈ ನೋಡಿದೆ. ರೊಟ್ಟಿಯನ್ನು ಚೂರು ಚೂರು ಮಾಡುತ್ತಿತ್ತು, ಬಾಯಿಗೆ ಒಯ್ಯುತ್ತಿರಲಿಲ್ಲ. ಜೋಡಿಸಿಕೊಂಡದ್ದರಲ್ಲಿ ಒಂದನ್ನೂ ಆಡಲಿಲ್ಲ. ಬರಿಯ ಕನಿಕರದಿಂದಲ್ಲ. ಅವನ ಗುಟ್ಟನ್ನು ಬಯಲಿಗೆ ಎಳೆದರೆ ಇನ್ನು ನಮ್ಮ ಮನೆಯಲ್ಲಿ ಯಾರೂ ‘ಮ್ಯಾಚ್ ಆಗಲಿಲ್ಲ’ ಎಂಬ ಮಾತನ್ನು ನಂಬುವುದಿಲ್ಲ. ನಾನು ಹೇಳಿದರೂ ನಂಬುವುದಿಲ್ಲ. ಇದು ಹೊಳೆದದ್ದು ನನಗೇ ನಾಚಿಕೆ ತಂದಿತು, ಆದರೂ ಹೊಳೆದದ್ದು ನಿಜ.

ಬಸ್ ಸ್ಟ್ಯಾಂಡಿನವರೆಗೆ ಬಂದ. “ನಿನಗೇನರ ಆದ್ರ…” ಎಂದು ಶುರು ಮಾಡಿ ನಿಲ್ಲಿಸಿದ. ನಾನು ಬಸ್ ಹತ್ತಿದೆ.

ಸೆಪ್ಟೆಂಬರ್ 18, ಬುಧವಾರ

ಬೆಳಿಗ್ಗೆ ಮಹಿಳೆಯರ ಸೀಟಿನಲ್ಲಿ ಕೂತಿದ್ದವನಿಗೆ “ಏಳ್ರಿ” ಎಂದೆ. ಎದ್ದ. ಕಿಟಕಿಯ ಪಕ್ಕ ಕೂತು ಕೊನೆಯ ದೃಶ್ಯವನ್ನು ಮತ್ತೆ ಬರೆದೆ.

ಈಗ ಹೀಗಿದೆ. ಕಮಾಂಡರ್ ಎಲ್ಲರನ್ನೂ ಹೊರಗೆ ಕಳಿಸಿ ನಾಯಕಿಯೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಾನೆ. “ಒಲ್ಲೆ ಅನಿಸಿದರೆ ನನಗೊಬ್ಬನಿಗೆ ಹೇಳು. ‘ಬಾಗಿಲು ತೆರೆಯಲಿಲ್ಲ’ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ. ಬೇರೆ ದಾರಿ ಹುಡುಕೋಣ, ಸಿಕ್ಕರೆ ಸಿಕ್ಕಿತು.” ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಒಳಗೆ ಹೋಗುತ್ತಾಳೆ. ಹಿಂದೆ ಮುಂದೆ ಯಾರೂ ಇಲ್ಲ ಎಂಬ ಮಾತನ್ನು ತೆಗೆದುಹಾಕಿದೆ.

“ಕಾರಣಾನೇ ತೆಗದ್ರಲ್ರಿ ಮೇಡಂ!” ಎಂದು ಅಲ್ಲಾಬಕ್ಷ್ ಮಾಸ್ತರರು ಗಾಬರಿಯಾದರು. ಕುಲ್ಸುಮ್ ಮಾತ್ರ ಓದಿ, ಎದ್ದು ಹೋಗಿ ಆಡಿ ತೋರಿಸಿದಳು. ಬೇವಿನ ಮರದ ಕೆಳಗೆ ಗದ್ದಲ ಮಾಡುತ್ತಿದ್ದ ಏಳನೇ ತರಗತಿಯವರು ಕೂಡ ನಿಂತು ನೋಡಿದರು. ಮಕ್ಕಳೇ ಸೇರಿ ನಾಯಕಿಗೆ ಬಂಡೆಮ್ಮ ಎಂದು ಹೆಸರಿಟ್ಟಿದ್ದಾರೆ. ಆಕಾಶನೌಕೆಯಲ್ಲಿ ಬಂಡೆಮ್ಮ! ಇರಲಿ, ಚೆನ್ನಾಗಿದೆ.

ಸೆಪ್ಟೆಂಬರ್ 23, ಸೋಮವಾರ

ನಿನ್ನೆ ವಿನೋದ ಕೈಬಿಟ್ಟೇ ಹೋದ ಎಂದುಕೊಂಡೆವು. ಮಧ್ಯಾಹ್ನ ಉಸಿರು ಹಿಡಿಯಿತು. ಎದೆಯಲ್ಲಿ ನೀರು ತುಂಬಿತ್ತು. ಅವನ ಗೆಳೆಯ ಅಮೀರ್ ಸಾಬ್ ಟಂಟಂನಲ್ಲಿ ಹಾಕಿಕೊಂಡು ತೀನ್ ಕಂದೀಲ್ ಚೌಕದ ಗದ್ದಲದೊಳಗೆ ಹಾರನ್ ಮೇಲೆ ಕೈಯಿಟ್ಟೇ ಓಡಿಸಿದ. ನಾನು ವಿನೋದನ ತಲೆ ಹಿಡಿದುಕೊಂಡಿದ್ದೆ. ಅವನ ತುಟಿ ನೀಲಿಯಾಗುವುದನ್ನು ನೋಡುತ್ತ, ಈಗಲೇ ಇಲ್ಲೇ ಕೊಯ್ದು ಕೊಡಿ ಎಂದು ಕೂಗಬೇಕೆನಿಸಿತು.

ಡಾಕ್ಟರು ಇನ್ನು ತಡ ಮಾಡಬೇಡಿ ಎಂದರು. ಅವ್ವ ಎಲ್ಲರೆದುರು ನನ್ನ ಕೈ ಹಿಡಿದು ಜಗ್ಗಿದಳು. “ಟೆಸ್ಟ್ ಟೆಸ್ಟ್ ಅಂತ ಎಷ್ಟು ದಿನ ಬೇ? ನಾಟಕ ಹೆಚ್ಚೋ ತಮ್ಮ ಹೆಚ್ಚೋ ನಿನಗ?”

“ಶನಿವಾರ ನಾಟಕ. ಅದರ ಮ್ಯಾಲ ಹೇಳ್ತೀನಿ,” ಎಂದೆ. ಅವ್ವ ಕೈ ಬಿಟ್ಟಳು. ರಾಯಚೂರಿನಲ್ಲಿ ಇಂಥ ಹೆಂಗಸು ಇರಬಹುದೇ ಎನ್ನುವಂತೆ ಪಕ್ಕದ ಹಾಸಿಗೆಯವರು ನೋಡಿದರು. ನೋಡಲಿ.

ಇವತ್ತು ವಿನೋದ ಚೇತರಿಸಿಕೊಂಡಿದ್ದಾನೆ. ಬೇರೆ ಯಾರೂ ಇಲ್ಲದಾಗ ಮಾಸ್ಕ್ ಸರಿಸಿ, “ಅಕ್ಕಾ, ನಾ ನಿನ್ನ ಕೇಳೇ ಇಲ್ಲ. ಕೇಳಾಕ ಬಾಯೇ ಬರ್ಲಿಲ್ಲ,” ಎಂದ. ಮತ್ತೆ ಉಸಿರೆಳೆದುಕೊಂಡು, “ನೀ ಒಲ್ಲೆ ಅಂದ್ರೂ ನಮ್ಮಕ್ಕಾನ ಇರ್ತಿ. ನನಗ ಬದುಕಬೇಕು ಅನಸ್ತದ, ಅದೂ ಖರೇ. ಸುಳ್ಳು ಯಾಕ ಹೇಳ್ಲಿ?”

ನಾನು ಅತ್ತೆ. ಅವನು ನನ್ನನ್ನು ನಗಿಸಲೆಂದು, “ನಾಟಕಕ್ಕ ಬರ್ತೀನಿ, ಮುಂದಿನ ಸೀಟ್ ಹಿಡಿ. ಇಲ್ಲಂದ್ರ ಟಂಟಂ ಒಳಗ ತರ್ತೀನಿ,” ಎಂದ.

ಸೆಪ್ಟೆಂಬರ್ 28, ಶನಿವಾರ

ಎರಡನೇ ಬಹುಮಾನ. ಅದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಬರೆಯುವಾಗ ಮರೆತುಹೋದೀತು.

ವಿನೋದನನ್ನು ಕರೆತಂದವನು ಅಂಬರೀಶಣ್ಣ. ರಜೆ ಹಾಕಿ ಬಂದಿದ್ದನಂತೆ. ಅವನು ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಪರದೆಯ ಸಂದಿಯಿಂದ ಅವನನ್ನು ಕಂಡಾಗ ಕೊನೆಯ ದೃಶ್ಯ ನೆನಪಾಯಿತು. ಆ ದೃಶ್ಯವನ್ನು ತೆಗೆಯಲು ಹೊತ್ತಿರಲಿಲ್ಲ, ಇದ್ದರೂ ತೆಗೆಯುತ್ತಿದ್ದೆನೋ ಇಲ್ಲವೋ. ಕುಂಬಳಕಾಯಿ ಕಳ್ಳನ ಹೆಗಲು ನೋಡಬೇಕೆಂದು ನಾನು ಬರೆದದ್ದಲ್ಲ. ಅಲ್ಲ ಎಂದೇ ಅಂದುಕೊಂಡಿದ್ದೇನೆ.

ಕಮಾಂಡರ್ ಆದ ಹುಡುಗ ಗಟ್ಟಿ ದನಿಯಲ್ಲಿ ಹೇಳಿದ: “ಬಾಗಿಲು ತೆರೆಯಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.” ಅಣ್ಣ ತಲೆ ತಗ್ಗಿಸಿದ. ಕುಲ್ಸುಮ್ ಸುಮ್ಮನೆ ನಿಂತಳು. ಹೋಗುತ್ತಾಳೋ ಇಲ್ಲವೋ ಎಂದು ಬರೆದ ನನಗೇ ಅನುಮಾನ ಬಂತು. ಅವಳು ಒಳಗೆ ಹೋದಾಗ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಗಟ್ಟಿಯಾಗಿ ಅತ್ತಳು.

ಆಮೇಲೆ ತೀರ್ಪುಗಾರರು ಕುಲ್ಸುಮಳನ್ನೇ ಕೇಳಿದರು. “ಹೋಗದೆ ಇರಬಹುದಿತ್ತಲ್ಲಮ್ಮ? ಒಲ್ಲೆ ಅನ್ನಲು ದಾರಿ ಕೊಟ್ಟರೆ ತ್ಯಾಗದ ಕಾರಣವೇ ಹೋಯಿತಲ್ಲ?”

ಅವಳು ಮೈಕಿನ ಮುಂದೆ ದುಪಟ್ಟಾ ಸರಿ ಮಾಡಿಕೊಂಡಳು. “ಇಲ್ರಿ ಸರ್. ಆ ದಾರಿ ಇಲ್ಲಂದ್ರ ಆಕಿ ಹೋದಂಗಲ್ಲ, ನೂಕಿದಂಗ.”

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಲ್ಲಾಬಕ್ಷ್ ಮಾಸ್ತರರು ಹಿಂದಿನಿಂದ “ವಾಹ್!” ಎಂದು ಕೂಗಿ ತೀರ್ಪುಗಾರರಿಂದ ಬೈಸಿಕೊಂಡರು.

ಮಕ್ಕಳಿಗೆ ಉಪ್ಪಿಟ್ಟು ಹಂಚುತ್ತಿದ್ದಾಗ ಅಣ್ಣ ಬಂದು ಪಕ್ಕದಲ್ಲಿ ನಿಂತ.

“ಆ ಮಾತು ನೀನ ಬರದೇನು? ಬಾಗಿಲ ತೆರೀಲಿಲ್ಲ ಅನ್ನೂದು?”

“ಹೂಂ.”

ಅಂಗೈಯ ಗಂಟುಗಳನ್ನು ಉಜ್ಜಿಕೊಳ್ಳುತ್ತ ನಿಂತಿದ್ದ. ಕೊನೆಗೆ, “ಟೆಸ್ಟ್‌ಗೋಳು ಒಮ್ಮೊಮ್ಮೆ ತಪ್ಪಾಗ್ತಾವಂತ. ಇನ್ನೊಮ್ಮಿ ಮಾಡಿಸಿ ನೋಡ್ಲೇನು?” ಎಂದ.

ಬ್ಯಾಡ ಬಿಡಣ್ಣ ಎನ್ನಬಹುದಿತ್ತು. “ಬುಧವಾರ ಆಸ್ಪತ್ರಿಗಿ ಸೂಟಿ ಅದ. ಗುರುವಾರ ಮುಂಜಾನಿ ಹೋಗೂಣು,” ಎಂದೆ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದೆ.

ಅಕ್ಟೋಬರ್ 4, ಶುಕ್ರವಾರ

ನಿನ್ನೆ ಆ ನರೆತ ಕೂದಲಿನಾಕೆ ಮೊದಲು ನನ್ನನ್ನು ಕರೆದರು. ಅದೇ ಪ್ರಶ್ನೆ. “ಹೆದರಿಕೆ ಆಗುತ್ತದೆ. ಆದರೂ ನನಗೆ ಅವನು ಬೇಕು. ಅವನು ಮತ್ತೆ ಟಂಟಂನಲ್ಲಿ ಕೂತು ಊರಿನವರ ಜೊತೆ ಜಗಳ ಆಡುವುದನ್ನು ನೋಡಬೇಕು,” ಎಂದೆ. ಆಕೆ ಈ ಸಲ ತಲೆ ಅಲ್ಲಾಡಿಸಲಿಲ್ಲ. ಆಮೇಲೆ ಅಣ್ಣ ಒಳಗೆ ಹೋದ. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು.

ಇವತ್ತು ದೊಡ್ಡ ಡಾಕ್ಟರು ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಹಿಂದಿನ ಮಾತನ್ನು ಎತ್ತಲೇ ಇಲ್ಲ. “ಅಣ್ಣನದೂ ಸರಿ ಬಂದಿದೆ, ಅಕ್ಕನದೂ ಸರಿ ಬಂದಿದೆ. ಇಬ್ಬರೂ ಒಪ್ಪಿದ್ದಾರೆ. ನಮಗೆ ಒಬ್ಬರು ಸಾಕು. ಯಾರೆಂದು ನೀವೇ ಹೇಳಿ,” ಎಂದರು.

ಅವ್ವ ನನ್ನ ಕಡೆ ತಿರುಗಿದಳು. ಯೋಚಿಸಿ ತಿರುಗಿದ್ದಲ್ಲ; ಕತ್ತು ತಾನೇ ತಿರುಗಿತು. ದುರ್ಗಾ ತಿರುಗಿದಳು. ಅವರು ನೋಡಿದರೆಂದು ಡಾಕ್ಟರೂ ನನ್ನನ್ನೇ ನೋಡಿದರು. ವಿನೋದ ಮಾತ್ರ ನೆಲ ನೋಡುತ್ತಿದ್ದ.

ಅಣ್ಣ ಬಾಯಿ ತೆರೆಯದಿದ್ದರೆ ‘ನಾನು ಕೊಡ್ತೀನಿ’ ಎಂದು ನಾನೇ ಹೇಳುತ್ತಿದ್ದೆ. ಇಲ್ಲಿ ಸುಳ್ಳು ಬರೆಯುವ ಅಗತ್ಯವಿಲ್ಲ. ಮನಸ್ಸಿನಿಂದಲೇ ಹೇಳುತ್ತಿದ್ದೆ, ಆಪರೇಷನ್ನಿಗೆ ಬೇಕಾದ ಬಟ್ಟೆಯನ್ನೂ ತಂದಿದ್ದೆ. ಆದರೆ ಮೊದಲು ಹೇಳಲಿಲ್ಲ. ಅವ್ವ ಕೆಮ್ಮಿದಳು. ಡಾಕ್ಟರು ಪೆನ್ನು ಎತ್ತಿ ಮತ್ತೆ ಇಟ್ಟರು. ಇನ್ನು ತಡೆಯಲಾರೆ ಎಂದು ತಲೆ ಎತ್ತಿದೆ.

“ಆಕಿನ್ನ ಯಾಕ ನೋಡ್ತೀರಿ ಎಲ್ಲಾರೂ?” ಎಂದ ಅಂಬರೀಶಣ್ಣ. ದನಿ ಒಡೆದಿತ್ತು. “ನನ್ನ ನೋಡ್ರಿ.”

ಅವ್ವ ಅವನನ್ನು ನೋಡಿದಳು. ಎಲ್ಲರೂ ನೋಡಿದರು. ನಾನೂ ನೋಡಿದೆ.